ಬೇಡನ ಬೆನ್ನ ಹಿಂದಿನ ಹಗ್ಗ

ಆ ಸಿನಿಮಾದ ರಾಕ್ಷಸನನ್ನು ಕುಣಿಸಿದ್ದು ನಾಯಕನಟನಲ್ಲ, ಶಿರಸಿಯ ಮಂಜುನಾಥ. ಅದನ್ನು ಮುಚ್ಚಿಟ್ಟವನು ನಾನು. ದೊಡ್ಡ ಸಿನಿಮಾದ ತೆರೆಮರೆಯ ಕಥೆ ಎಂದು ನೀವೆಲ್ಲ ಮೊಬೈಲಿನಲ್ಲಿ ನೋಡಿ ಬಾಯಿ ಬಾಯಿ ಬಿಟ್ಟಿರಲ್ಲ, ಆ ಸಾಕ್ಷ್ಯಚಿತ್ರವನ್ನು ಕತ್ತರಿಸಿ ಜೋಡಿಸಿದ್ದು ನನ್ನದೇ ಕೈ. ಬಾಯಿ ಮುಚ್ಚಿಕೊಂಡಿರು ಎಂದು ಸಿನಿಮಾ ಕಂಪನಿಯವರು ಈಗಲೂ ಫೋನ್ ಮಾಡುತ್ತಾರೆ. ಮಾಡಲಿ.

ಮಂಜ ನನ್ನ ಓರಗೆಯವ. ಹೋಳಿ ಹಬ್ಬಕ್ಕೆ ಅವನು ಬೇಡರ ವೇಷ ಕಟ್ಟಿದನೆಂದರೆ — ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ — ಜನರ ಮೇಲೆ ನುಗ್ಗುವವನನ್ನು ಸೊಂಟದ ಹಗ್ಗ ಹಿಡಿದು ಹಿಂದಿನಿಂದ ಇಬ್ಬರು ಜಗ್ಗಬೇಕು. ಆ ಇಬ್ಬರಲ್ಲಿ ಒಬ್ಬ ನಾನು. ರಾಕ್ಷಸನಿಗೊಂದು ಸಿಟ್ಟಿನ ನಡಿಗೆ ಸಿಗದೆ ನಿರ್ದೇಶಕರು ಪರದಾಡುತ್ತಿದ್ದಾಗ ಮಂಜನ ಹೆಸರು ಹೇಳಿದವನೂ ನಾನೇ.

ಚುಕ್ಕೆಗಳಿರುವ ಬಿಗಿ ಅಂಗಿ ತೊಡಿಸಿ, ಸುತ್ತ ಕ್ಯಾಮೆರಾ ಇಟ್ಟು, ಕುಣಿ ಎಂದರು. ಅವನ ಮೈ ಆಡಿದ ಹಾಗೆ ಕಂಪ್ಯೂಟರಿನ ರಾಕ್ಷಸ ಆಡುತ್ತಾನೆ. ಮಂಜ ಒಂದೆರಡು ಹೆಜ್ಜೆ ಹಾಕಿ ನಿಂತುಬಿಟ್ಟ.

"ಹಿಂದೆ ಹಗ್ಗ ಇಲ್ದೆ ಎಂತ ಸಿಟ್ಟು ಬರ್ತದ ಮಾರಾಯ? ನೀ ಹಿಡಿ."

ಹಿಡಿದೆ. ಆಮೇಲೆ ಅವನು ಕುಣಿದದ್ದು... ನಿರ್ದೇಶಕರೇ ಎದ್ದು ಗೋಡೆಗೆ ಒತ್ತಿ ನಿಂತರು.

ನಾಯಕನಟನೂ ಅದೇ ಅಂಗಿ ತೊಟ್ಟು ಸ್ವಲ್ಪ ಹೊತ್ತು ಜಿಗಿದಾಡಿದ್ದ. ಸಾಕ್ಷ್ಯಚಿತ್ರದಲ್ಲಿ ಅದಷ್ಟೇ ಇರಲಿ ಎಂದರು. ಇಟ್ಟೆ. ಮಂಜನನ್ನು ಪೂರ್ತಿ ತೆಗೆದೆ. ಬಲವಂತವೇ? ಏನೂ ಇಲ್ಲ — ಮುಂದಿನ ಸಿನಿಮಾಕ್ಕೂ ನನ್ನನ್ನೇ ಕರೆಯಲಿ ಎಂಬ ಆಸೆ, ಅಷ್ಟೆ.

"ಅದು ನಾನೇ" ಎಂದು ಮಂಜ ಊರಲ್ಲಿ ಹೇಳಿದ. ಯಾರೂ ನಂಬಲಿಲ್ಲ. ಯಲ್ಲಾಪುರ ನಾಕೆಯ ಚಹಾದಂಗಡಿಯಲ್ಲಿ ನನ್ನ ರಟ್ಟೆ ಹಿಡಿದು ಎಲ್ಲರೆದುರು ಕೇಳಿದ.

"ಹಗ್ಗ ಹಿಡ್ದಿದ್ದು ನೀನೇ ಅಲ್ಲನ? ಹೇಳು ಇವ್ರಿಗೆ."

"ಎಂತ ಹಗ್ಗ ಮಾರಾಯ? ಅದೆಲ್ಲ ಗ್ರಾಫಿಕ್ಸು."

ಅಂಗಡಿಗೆ ಅಂಗಡಿಯೇ ನಕ್ಕಿತು. ಮಂಜ ರಟ್ಟೆ ಬಿಟ್ಟ. ಆಮೇಲೆ ಹೋದಲ್ಲೆಲ್ಲ ಅವನಿಗೆ "ಗ್ರಾಫಿಕ್ಸ್ ಬಂತು" ಎಂಬ ಕುಹಕ. ಮುಂದೆ ಬಂದ ಹೋಳಿ ಹಬ್ಬಕ್ಕೆ ವೇಷವನ್ನೇ ಕಟ್ಟಲಿಲ್ಲ. ಅವನ ಕುಣಿತವನ್ನೇ ನಾನು ಕಸಿದುಕೊಂಡಿದ್ದೆ.

ಈಗ ಅಂದಿನ ವಿಡಿಯೋವನ್ನು ಒಂದಿಷ್ಟೂ ಕತ್ತರಿಸದೆ ಎಲ್ಲರೂ ನೋಡಲೆಂದು ಇಂಟರ್ನೆಟ್ಟಿಗೆ ಹಾಕಿದ್ದೇನೆ — ಮಂಜ, ಅವನ ಹಿಂದೆ ಹಗ್ಗ, ಹಗ್ಗದ ತುದಿಗೆ ನಾನು. ಕಂಪನಿಯವರು ಕೋರ್ಟಿಗೆ ಎಳೆಯುತ್ತಾರಂತೆ. ಎಳೆಯಲಿ, ಅಲ್ಲೂ ಇದನ್ನೇ ತೋರಿಸುತ್ತೇನೆ. ನಂಬದವರು ಸಿನಿಮಾವನ್ನೇ ಇನ್ನೊಮ್ಮೆ ನೋಡಿ: ರಾಕ್ಷಸ ನುಗ್ಗಿದಾಗಲೆಲ್ಲ ಸೊಂಟ ಹಿಂದಕ್ಕೆ ಸೆಳೆದಂತಾಗುತ್ತದೆ. ಹಗ್ಗವನ್ನು ಅಳಿಸಿದರು, ಜಗ್ಗಿದ್ದನ್ನು ಅಳಿಸಲು ಅವರಿಂದ ಆಗಲಿಲ್ಲ.

ಈ ಸಲ ಮಂಜ ಮತ್ತೆ ವೇಷ ಕಟ್ಟುತ್ತಾನೆ. ತಾಲೀಮಿಗೆ ಹೋಗಿ ಹಗ್ಗಕ್ಕೆ ಕೈ ಚಾಚಿದೆ.

"ನೀ ಬ್ಯಾಡ" ಎಂದ. ತುದಿಯನ್ನು ಇನ್ನೊಬ್ಬನಿಗೆ ಕೊಟ್ಟ.

ಕ್ಷಮೆ ಕೇಳುವ ಹಕ್ಕು ನನಗಿಲ್ಲ. ಹೋಳಿಯ ದಿನ ಜನರ ನಡುವೆ ಮುಂದಿನ ಸಾಲಿನಲ್ಲೇ ನಿಲ್ಲುತ್ತೇನೆ. ಬೇಡ ಕತ್ತಿ ಎತ್ತಿ ಮೈಮೇಲೆ ಬಂದಾಗ ಎಲ್ಲರೂ ಓಡುತ್ತಾರೆ. ನಾನು ಓಡುವುದಿಲ್ಲ.