ಎಂಬತ್ತನಾಲ್ಕು ದಿನದ ರಿಚಾರ್ಜ್

ನನ್ನ ತಂಗಿಯ ಧ್ವನಿಪೆಟ್ಟಿಗೆಯನ್ನು ತೆಗೆದ ಮೇಲೂ ನಾವಿಬ್ಬರು ದಿನಾ ಸಂಜೆ ಆರೂವರೆಗೆ ಫೋನಿನಲ್ಲಿ ಮಾತನಾಡುವುದನ್ನು ಬಿಡಲಿಲ್ಲ. ಮಾತನಾಡುವುದು ಅಂದರೆ ನಾನು ಕೇಳುವುದು, ಅವಳು ಫೋನಿನ ಬೆನ್ನಿಗೆ ಉಂಗುರದಿಂದ ಬಡಿಯುವುದು. ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಈ ಪದ್ಧತಿ ಮಾಡಿಕೊಟ್ಟವಳು ನಾನೇ. ಊಟ ಆಯಿತೇ, ಕುತ್ತಿಗೆಯ ತೂತಿನ ಮೇಲಿನ ಬಟ್ಟೆ ಬದಲಾಯಿಸಿದೆಯಾ, ಕಫ ಹೆಚ್ಚಾಗಿದೆಯಾ, ನಿದ್ದೆ ಬಂತೇ. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಮೂವತ್ತನಾಲ್ಕು ವರ್ಷ ಸರಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿದ್ದವಳು ನಾನು. ಒಂದು ಮಂಚದ ಮುಂದೆ ಹತ್ತು ನಿಮಿಷ ನಿಲ್ಲುವುದು ವಾರ್ಡಿನಲ್ಲಿ ದೊಡ್ಡ ಮಾತು.

ನಾನಿರುವುದು ಜಮಖಂಡಿಯಲ್ಲಿ, ಅವಳಿರುವುದು ಬನಹಟ್ಟಿಯಲ್ಲಿ. ದೂರವೇನಲ್ಲ. ಆದರೆ ಬಸ್ಸಿನ ಮೆಟ್ಟಿಲು ನನ್ನ ಮೊಣಕಾಲಿಗೆ ಆಗಿಬರುವುದಿಲ್ಲ. ಭಾನುವಾರ ಮಾತ್ರ ಹೋಗುತ್ತಿದ್ದೆ. ಹಾಗೆ ಹೋದ ಒಂದು ಭಾನುವಾರ ತಂಗಿಯ ಗಂಡ ನನ್ನ ಗುಂಡಿ ಫೋನನ್ನು ಕೈಗೆತ್ತಿಕೊಂಡು ತಿರುಗಿಸಿ ಮುರುಗಿಸಿ ನೋಡಿದ.

"ಅಕ್ಕಾರ, ಇದನ್ನ ಬಿಡ್ರಿ ಇನ್ನ. ಒಂದು ಛಲೋ ಫೋನ್ ತಗೋರಿ. ನನ್ನ ಫೋನಿನಾಗ ಆಕಿ ಮಾರಿ ಕಾಣತೈತಿ. ಆಕಿ ಮಾತಾಡ್ತಾಳ, ನೀವ್ ನೋಡ್ರಿ."

"ದನಿ ಇಲ್ಲದಾಕಿ ಏನ್ ಮಾತಾಡ್ತಾಳ್ರಿ? ಹೌದು, ಇಲ್ಲ ಅಂತ ಬಡೀತಾಳಲ್ಲ, ಅಷ್ಟ ಸಾಕು."

"ನಲವತ್ತು ವರ್ಷ ನನ್ನ ತಲಿ ತಿಂದಾಕಿಗೆ ಹೌದು, ಇಲ್ಲ ಎರಡ ಮಾತೇನ್ರಿ? ಶೆಡ್ಡಿಗೆ ಬರ್ರಿ ಒಂದೀಟ."

ಮನೆಯ ಹಿಂದೆ ಅವರ ಪವರ್‌ಲೂಮ್ ಶೆಡ್. ನಾಲ್ಕು ಮಗ್ಗ ಒಟ್ಟಿಗೆ ನಡೆಯುವಾಗ ಅಲ್ಲಿ ಪಕ್ಕದವರು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳದು. ತಂಗಿ ಒಂದು ಮಗ್ಗದ ಮುಂದೆ ನಿಂತಿದ್ದಳು, ಎದುರು ಮಗ್ಗದಲ್ಲಿ ಕೂಲಿಗೆ ಬರುವ ಹೆಂಗಸು. ತಂಗಿಯ ತುಟಿ ಒಂದೇ ಸಮನೆ ಆಡುತ್ತಿತ್ತು. ಎದುರಿನವಳು ನನ್ನನ್ನು ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಮಗ್ಗ ನಿಂತ ಮೇಲೆ ಏನಂದಳು ಎಂದು ಕೇಳಿದೆ.

"ಏನಿಲ್ರಿ ಸಿಸ್ಟರ್. ರೌಂಡಿಗೆ ಬಂದ್ರು ನೋಡು, ನೆಟ್ಟಗ ನಿಂದರು ಅಂದ್ಲರಿ."

ನೇಕಾರರ ಮನೆಯಲ್ಲಿ ಇದು ಹೊಸದಲ್ಲ. ಮಗ್ಗದ ಸದ್ದಿನಲ್ಲಿ ಬೆಳೆದವರು ಕಿವಿಯಿಂದಲ್ಲ, ಕಣ್ಣಿನಿಂದ ಕೇಳುತ್ತಾರೆ. ಬೈಯುವುದು, ಚೌಕಾಸಿ, ಮದುವೆಯ ಮಾತು ಎಲ್ಲ ತುಟಿಯಲ್ಲೇ. ಧ್ವನಿ ಹೋದದ್ದು ಶೆಡ್ಡಿನ ಹೊರಗೆ ಮಾತ್ರ. ಶೆಡ್ಡಿನೊಳಗೆ ನನ್ನ ತಂಗಿಗೆ ಏನೂ ಆಗಿರಲಿಲ್ಲ. ನನಗೆ ಮಾತ್ರ ಈ ಭಾಷೆ ಬರುತ್ತಿರಲಿಲ್ಲ. ನಾನು ಹದಿನೇಳಕ್ಕೆ ನರ್ಸಿಂಗ್ ಕಲಿಯಲು ಹೋದಾಗ ನಮ್ಮಪ್ಪನ ಮನೆಯಲ್ಲಿದ್ದದ್ದು ಕೈಯಿಂದ ನೇಯುವ ಕುಣಿಮಗ್ಗ. ಅದರ ಸದ್ದಿನ ಜೊತೆ ಮಾತನಾಡಬಹುದಿತ್ತು. ಕರೆಂಟಿನ ಮಗ್ಗ ಬಂದದ್ದು ನಾನು ಹೋದ ಮೇಲೆ.

ಫೋನಿನ ವಿಚಾರದಲ್ಲಿ ನಾನು ಹಿಂದೆ ಮುಂದೆ ನೋಡಿದ್ದು ದುಡ್ಡಿಗಲ್ಲ. ಪಿಂಚಣಿ ಬರುತ್ತದೆ, ನನ್ನದು ಒಬ್ಬಳ ಖರ್ಚು. ಎದುರು ಮನೆಯ ಹೆಂಗಸರು ಬೆಳಗಿನ ಏಳು ಗಂಟೆಗೇ ಆ ಗಾಜಿನ ಮೇಲೆ ಬೆರಳಾಡಿಸುತ್ತ ಹಾಲು ಉಕ್ಕಿಸುವುದನ್ನು ನೋಡಿದ್ದೆ. ನನ್ನ ಗುಂಡಿ ಫೋನ್ ಐದು ದಿನಕ್ಕೊಮ್ಮೆ ಚಾರ್ಜ್ ಕೇಳುತ್ತಿತ್ತು, ಮತ್ತೇನನ್ನೂ ಕೇಳುತ್ತಿರಲಿಲ್ಲ. ಹೊಸದು ಬಂದರೆ ಅದರಲ್ಲಿ ನಾನು ನೋಡಬೇಕಾದದ್ದು ಒಂದೇ ಮುಖ. ಆ ಮುಖ ಎಷ್ಟು ದಿನ ಎಂಬುದು ನನಗೆ ಗೊತ್ತಿತ್ತು.

ದೀಪಾವಳಿ ಆದ ವಾರ ತಪಾಸಣೆಗೆ ಹೋದಾಗ ಡಾಕ್ಟರು ತಂಗಿಯ ಗಂಡನನ್ನೂ ನನ್ನನ್ನೂ ಹೊರಗೆ ಕರೆದು ಹೇಳಿದ್ದರು. ಗಂಟಲಿನ ಗಡ್ಡೆ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಕೊಯ್ಯುವುದರಿಂದ ಉಪಯೋಗವಿಲ್ಲ, ಮೂರು ತಿಂಗಳು, ಹೆಚ್ಚೆಂದರೆ ನಾಲ್ಕು. ತಂಗಿಯ ಗಂಡ ಗೋಡೆಗೆ ಹಣೆ ಹಚ್ಚಿ ನಿಂತ. ಆಮೇಲೆ ಅಂದ, "ಆಕಿಗೆ ಹೇಳೂದ ಬ್ಯಾಡ್ರಿ ಅಕ್ಕಾರ. ಹೇಳಿದ್ರ ಅವತ್ತ ಹಾಸಿಗಿ ಹಿಡೀತಾಳ." ನಾನು ಒಪ್ಪಿದೆ. ಇಂಥ ಗುಟ್ಟನ್ನು ಎಷ್ಟೋ ಮನೆಯವರ ಪರವಾಗಿ ವಾರ್ಡಿನಲ್ಲಿ ಕಾಪಾಡಿದ್ದೇನೆ; ಮುಖದಲ್ಲಿ ತೋರಿಸದಿರುವುದು ನನಗೆ ಕಷ್ಟವಲ್ಲ ಎಂದುಕೊಂಡಿದ್ದೆ. ತಂಗಿಗೆ ನಾವು ಹೇಳಿದ್ದು ಇಷ್ಟೇ: ಕಫ ಕಟ್ಟಿದೆ, ಔಷಧಕ್ಕೆ ಕರಗುತ್ತದೆ.

ಶೆಡ್ಡಿನಲ್ಲಿ ಅವಳ ತುಟಿ ನೋಡಿ ಬಂದ ಮೇಲೆ ಸಂಜೆಯ ಉಂಗುರದ ಸದ್ದನ್ನು ನನಗೆ ತಡೆಯಲಾಗದಾಯಿತು. ನಾನು ಕೇಳಿದ್ದಕ್ಕೆ ಮಾತ್ರ ಅವಳು ಉತ್ತರ ಕೊಡಬಹುದಿತ್ತು. ಅವಳಿಗೆ ಏನು ಕೇಳಬೇಕಿದೆ ಎಂದು ನಾನು ಒಂದು ದಿನವೂ ಯೋಚಿಸಿರಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಪೇಟೆಗೆ ಹೋದೆ.

ಅಂಗಡಿಯವ ಮಧ್ಯವಯಸ್ಸಿನವ, ಮಾತುಗಾರ. ಮೂರು ಫೋನ್ ಮುಂದಿಟ್ಟ. ನನಗೆ ಬೇಕಾದದ್ದು ದೊಡ್ಡ ಗಾಜು, ನಡುಗದ ಚಿತ್ರ, ಅಷ್ಟೇ. ಅದು ಹತ್ತು ನಿಮಿಷದಲ್ಲಿ ಇತ್ಯರ್ಥವಾಯಿತು. ರಿಚಾರ್ಜಿಗೆ ಬಂದಾಗ ತಡವಾಯಿತು.

"ಇಪ್ಪತ್ತೆಂಟು ದಿನದ್ದೈತಿ, ಎಂಬತ್ತನಾಲ್ಕು ದಿನದ್ದೈತಿ, ವರ್ಷದ್ದೈತಿ. ವರ್ಷದ್ದ ಹಾಕಸ್ರಿ ಅಮ್ಮಾರ. ಲೆಕ್ಕಕ್ಕ ಸಸ್ತಾ ಬೀಳತೈತಿ. ತಿಂಗಳಾ ತಿಂಗಳಾ ಮೊಣಕಾಲ ಹಿಡಕೊಂಡ ಯಾಕ ಬರ್ತೀರಿ?"

"ಎಂಬತ್ತನಾಲ್ಕರದ್ದು ಹಾಕ್ರಿ."

"ಆಮ್ಯಾಲ ಮತ್ತ ಬರೂದ ಐತಲ್ರಿ?"

ದುಡ್ಡು ಎಣಿಸಿ ಮುಂದಿಟ್ಟೆ. ಡಾಕ್ಟರು ಹೇಳಿ ಎರಡು ವಾರ ಆಗಿತ್ತು. ಎಂಬತ್ತನಾಲ್ಕು ದಿನ ಸರಿಹೋಗುತ್ತದೆ ಎಂದು ಮನಸ್ಸು ತಾನಾಗಿ ಕೂಡಿಸಿಟ್ಟಿತ್ತು. ಔಷಧದ ಬಾಟಲಿಯನ್ನು ರೋಗಿ ಎಷ್ಟು ದಿನ ಇರುತ್ತಾನೆ ನೋಡಿ ತರಿಸುತ್ತಿದ್ದ ಕೈ ಇದು. ಅದಾದ ಮೇಲೆ ಗುಂಡಿ ಫೋನಿಗೆ ತಿರುಗಿ ಹೋಗುವುದೆಂದೂ ನಿಶ್ಚಯ ಮಾಡಿದ್ದೆ.

ಮೊದಲ ಸಂಜೆ ಆರೂವರೆಗೆ ಅವಳ ಮುಖ ಬಂತು. ತಲೆ ಬಾಚಿ, ಕುತ್ತಿಗೆಗೆ ತೊಳೆದ ಬಿಳಿ ಬಟ್ಟೆ ಕಟ್ಟಿ ಕೂತಿದ್ದಳು. ಹಿಂದೆ ಅವಳ ಗಂಡ. ತುಟಿ ಆಡಿದವು, ಚಿತ್ರ ಒಂದು ಕ್ಷಣ ಸಿಕ್ಕಿಕೊಂಡು ಮುಂದೆ ಹಾರಿತು. ಬಾ, ಪಾ, ಮಾ ಮೂರೂ ತುಟಿಗೆ ಒಂದೇ. ನನಗೆ ಒಂದು ಪದವೂ ಹತ್ತಲಿಲ್ಲ. ಅವಳ ಗಂಡ ಹೇಳುತ್ತ ಹೋದ.

"ದಪ್ಪ ಆಗೀದಿ ಅಂತಾಳ್ರಿ."

"ಕ್ಯಾಮೆರಾ ಹಂಗ ತೋರಸ್ತೈತಿ," ಎಂದೆ.

"ಸುಳ್ಳ ಹೇಳಬ್ಯಾಡ ಅಂತಾಳ. ಫೋನ್ ಛಲೋ ಐತಂತ. ಎಷ್ಟ ದಿನದ್ದ ಹಾಕಿಸಿದ್ರಿ ಅಕ್ಕಾರ?"

ಕೊನೆಯ ಪ್ರಶ್ನೆ ಅವನದೇ. ಸಹಜವಾಗಿ ಕೇಳಿದ. ಸಹಜವಾಗಿಯೇ ಹೇಳಿಬಿಟ್ಟೆ, "ಎಂಬತ್ತನಾಲ್ಕು ದಿನದ್ದು."

ಇದರಲ್ಲಿ ಏನು ತಪ್ಪು ಎಂದು ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಕೇಳುತ್ತಿದ್ದವಳು ನನ್ನ ತಂಗಿ. ನಾನು ಜೋಳ ತರುವುದು ವರ್ಷಕ್ಕೊಮ್ಮೆ. ಖಾರ ಕುಟ್ಟಿಸುವುದು ವರ್ಷಕ್ಕೊಮ್ಮೆ. ಪತ್ರಿಕೆಗೆ ವರ್ಷದ ಚಂದಾ, ಸೋಪು ಡಜನ್ ಲೆಕ್ಕ. ಧ್ವನಿ ಇದ್ದಾಗ ನೆರೆಯವರ ಮುಂದೆ ಅವಳು ಹೇಳಿ ನಗುತ್ತಿದ್ದಳು, "ನಮ್ಮಕ್ಕ ಸತ್ತ ಮ್ಯಾಲೂ ಆರು ತಿಂಗಳ ಉಪ್ಪಿನಕಾಯಿ ಉಳಿದಿರತೈತಿ." ಅಂಥ ಅಕ್ಕ ಸಸ್ತಾ ಬೀಳುವ ವರ್ಷದ್ದನ್ನು ಬಿಟ್ಟು ಎಂಬತ್ತನಾಲ್ಕು ದಿನದ್ದು ಹಾಕಿಸಿದ್ದಾಳೆ.

ಅವಳು ನನ್ನನ್ನು ನೋಡಿದಳು. ಮುಖದಲ್ಲಿ ಏನೂ ತೋರಿಸದ ನನ್ನ ವಿದ್ಯೆ ಅಷ್ಟು ದೊಡ್ಡ ಗಾಜಿನಲ್ಲಿ ಉಪಯೋಗಕ್ಕೆ ಬರಲಿಲ್ಲ. ಅವಳ ತುಟಿ ಆಡಿದವು, ಚಿಕ್ಕ ಮಾತು. ಅವಳ ಗಂಡ ಈ ಸಲ ಏನೂ ಹೇಳಲಿಲ್ಲ.

"ಏನಂದ್ಲು?" ಎಂದೆ.

"ಏನಿಲ್ರಿ. ನೆಟ್‌ವರ್ಕ್ ಸರಿ ಇಲ್ಲ," ಎಂದ. ಚಿತ್ರ ಸ್ವಚ್ಛವಾಗಿಯೇ ಇತ್ತು. ಆಮೇಲೆ ಫೋನ್ ಬೋರಲಾಗಿ ಗಾಜು ಕಪ್ಪಾಯಿತು.

ಶುಕ್ರವಾರ, ಶನಿವಾರ ಆರೂವರೆಗೆ ನಾನು ಫೋನ್ ಮಾಡಿದಾಗ ಗಂಟೆ ಬಾರಿಸಿ ಬಾರಿಸಿ ನಿಂತಿತು, ಯಾರೂ ಎತ್ತಲಿಲ್ಲ. ಭಾನುವಾರ ಮೊದಲ ಬಸ್ಸಿಗೆ ಹೋದೆ. ತಂಗಿ ಗಂಡನಿಗೆ ಕೈಸನ್ನೆ ಮಾಡಿ ಹೊರಗೆ ಕಳಿಸಿದಳು. ನೇಯ್ದ ಸೀರೆಗೆ ಗುರುತು ಹಾಕುವ ಸೀಮೆಸುಣ್ಣದ ತುಂಡು ತೆಗೆದುಕೊಂಡು ನೆಲದ ಕಲ್ಲಿನ ಮೇಲೆ ಬರೆದಳು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು, ಅಕ್ಷರ ದೊಡ್ಡ ದೊಡ್ಡ, ಸೊಟ್ಟ. "ಎಷ್ಟು" ಎಂದಷ್ಟೇ ಬರೆದಿದ್ದಳು.

ಕಫದ ಕಥೆಯನ್ನು ಇನ್ನೊಮ್ಮೆ ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಮೂರು ತಿಂಗಳಂದಿದ್ರು ತಂಗಿ. ನಾಕಾದ್ರೂ ಆದೀತು," ಎಂದೆ. "ಅದರಾಗ ಎರಡು ವಾರ ಹೋದವು."

ಅವಳು ಅಂಗೈಯಿಂದ ಅಕ್ಷರ ಒರೆಸಿದಳು. ನೀರು ತಂದು ಕಲ್ಲನ್ನು ತೊಳೆದಳು ಕೂಡ. ನಂತರ ಎದ್ದು ಶೆಡ್ಡಿಗೆ ಹೋಗಿ ಮಗ್ಗ ಹಚ್ಚಿದಳು. ಆ ಸದ್ದಿನಲ್ಲಿ ನಾನು ಮತ್ತೇನನ್ನೂ ಹೇಳುವಂತಿರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತಿದ್ದ ಅವಳ ಗಂಡ ನನ್ನ ಮುಖ ನೋಡಲಿಲ್ಲ. "ವರ್ಷದ್ದ ಹಾಕಿಸ್ಕೋಬೇಕಿತ್ತಲ್ರಿ ಅಕ್ಕಾರ," ಎಂದ. ಬೈದದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು.

ಮರುದಿನ ಆರೂವರೆಗೆ ಅವಳೇ ಫೋನ್ ಮಾಡಿಸಿದಳು. ನಾನು ಊಟ, ಕಫ, ನಿದ್ದೆ ಎಂದು ಶುರುಮಾಡಿದೆ. ಅವಳು ಅಂಗೈ ಅಡ್ಡ ಹಿಡಿದು ನಿಲ್ಲಿಸಿದಳು. ಅಂದಿನಿಂದ ಹೇಳುವವಳು ಅವಳು, ಕೇಳುವವಳು ನಾನು. ಶೆಡ್ಡಿಗೆ ಹೊಸದಾಗಿ ಬಂದ ಕೂಲಿಯವರಿಗೆ ಕಲಿಸುವಂತೆ ನಿಧಾನ ತುಟಿ ಆಡಿಸುತ್ತಿದ್ದಳು. ನಾನು ತಪ್ಪು ಹೇಳಿದರೆ ತಲೆ ಬಡಿದುಕೊಳ್ಳುತ್ತಿದ್ದಳು. ಅವಳ ಗಂಡ ಅರ್ಥ ಹೇಳುತ್ತಿದ್ದ, ಕೆಲವೊಮ್ಮೆ ಅರ್ಧಕ್ಕೆ ನಿಲ್ಲಿಸುತ್ತಿದ್ದ.

"ಆಕಿ ಅಂತಾಳ... ಬಿಡ್ರಿ ಅಕ್ಕಾರ."

"ಹೇಳ್ರಿ."

"ನಿಮ್ಮವ್ವ ಸಾಯೂ ಹೊತ್ತಿನ್ಯಾಗ ನೀವು ಬಂದ್ರಿ, ನಾಡಿ ಹಿಡದ್ರಿ, ಗಡಿಯಾರ ನೋಡಿದ್ರಿ. ಕೈ ಹಿಡೀಲಿಲ್ಲಂತ. ಮೂವತ್ತು ವರ್ಷ ಹೇಳಬೇಕಂತಿದ್ಲಂತ."

ಅದು ನಿಜ. ಅವ್ವನ ನಾಡಿ ನಿಂತ ಹೊತ್ತು ನನಗೆ ಇವತ್ತಿಗೂ ನಿಮಿಷದ ಸಮೇತ ನೆನಪಿದೆ, ಅವಳ ಕೈಯ ಬಿಸಿ ನೆನಪಿಲ್ಲ. ಧ್ವನಿ ಇದ್ದ ಅಷ್ಟು ವರ್ಷ ತಂಗಿ ಇದನ್ನು ಹೇಳಿರಲಿಲ್ಲ. ಹೇಳಿದ ಮೇಲೆ ಅವಳ ಮುಖ ಹಗುರಾದಂತೆಯೂ ಕಾಣಲಿಲ್ಲ. ದಣಿದಿತ್ತು. ಹತ್ತು ನಿಮಿಷಕ್ಕೆ ಮುಗಿಯುತ್ತಿದ್ದ ಮಾತು ಅರ್ಧ ಗಂಟೆ, ಮುಕ್ಕಾಲು ಗಂಟೆಯಾಯಿತು. ನನ್ನ ರಾತ್ರಿಯ ಊಟ ಎಂಟೂವರೆಗೆ ಹೋಯಿತು. ಆ ಫೋನಿನಿಂದ ನನಗೆ ಸಿಕ್ಕಿದ್ದು ಇದು.

ಸಂಕ್ರಾಂತಿಯ ಹೊತ್ತಿಗೆ ಅವಳು ಮಗ್ಗದ ಮುಂದೆ ನಿಲ್ಲುವುದು ಬಿಟ್ಟಳು. ಮಂಚದ ಮೇಲೆ ಒರಗಿ, ಕೆನ್ನೆಯ ಎಲುಬು ಎದ್ದು, ಒಂದು ಮಾತಿಗೂ ಮುಂದಿನ ಮಾತಿಗೂ ನಡುವೆ ಉಸಿರು ಹುಡುಕುತ್ತಿದ್ದಳು. ನನಗೆ ಒಂದೊಂದು ಪದ ತಾನಾಗಿ ಹತ್ತತೊಡಗಿದ್ದು ಆಗಲೇ. ಅವಳ ತುಟಿ ನಿಧಾನವಾದದ್ದೇ ಅದಕ್ಕೆ ಕಾರಣವಿರಬೇಕು.

ಎಂಬತ್ತೊಂದನೆಯ ದಿನ ಫೋನಿಗೆ ಸಂದೇಶ ಬಂತು: ಮೂರು ದಿನದಲ್ಲಿ ಸೇವೆ ನಿಲ್ಲುತ್ತದೆ. ಡಾಕ್ಟರು ಹೇಳಿದ ಮೂರು ತಿಂಗಳು ದಾಟಿತ್ತು, ನನ್ನ ಲೆಕ್ಕ ತಪ್ಪಿತ್ತು. ನಾನು ವರ್ಷದ್ದೇ ಹಾಕಿಸುವುದೆಂದು ನಿರ್ಧರಿಸಿದೆ. ಒಮ್ಮೆ ಮಾಡಿದ ತಪ್ಪನ್ನು ತಿದ್ದುವುದು ಹಾಗೆಯೇ ಎಂದು ತೋರಿತು. ಅಂದು ಸಂಜೆ ಅವಳ ಗಂಡ ಔಷಧ ತರಲು ಹೋಗಿದ್ದ. ಫೋನನ್ನು ತಲೆದಿಂಬಿಗೆ ಒರಗಿಸಿ ಹೋಗಿದ್ದ. ನಾವಿಬ್ಬರೇ ಇದ್ದೆವು.

"ನಾಳೆ ಪೇಟಿಗೆ ಹೋಗ್ತೇನಿ," ಎಂದೆ. "ವರ್ಷದ್ದ ಹಾಕಸ್ತೇನಿ."

ಅವಳು ಕಣ್ಣು ಮುಚ್ಚಿ ತೆರೆದಳು. ತುಟಿ ಆಡಿದವು. ನಾನು ಫೋನನ್ನು ಹತ್ತಿರ ತಂದೆ. ಅವಳು ಇನ್ನೊಮ್ಮೆ ಹೇಳಿದಳು. ನಡುವೆ ಹೇಳಿಕೊಡುವವರಿಲ್ಲದೆ ನನಗೆ ಇಡಿಯಾಗಿ ತಿಳಿದ ಮೊದಲ ಮಾತು ಅದು: "ಒಂದ ತಿಂಗಳ ಸಾಕ ಯಕ್ಕಾ."

ನಾನು ಬೇಡವೆಂದು ತಲೆಯಾಡಿಸಿದೆ. ಅವಳು ಮೂರನೆಯ ಸಲ ಹೇಳುವ ಶಕ್ತಿಯಿಲ್ಲದೆ ನನ್ನನ್ನೇ ನೋಡುತ್ತ ಮಲಗಿದಳು. ಜೀವಮಾನವೆಲ್ಲ ಇನ್ನೊಬ್ಬರಿಗೆ ಆಜ್ಞೆ ಕೊಟ್ಟವಳು ನಾನು, ಅವಳಿಗೂ ಕೊಟ್ಟಿದ್ದೆ. "ಆತು," ಎಂದೆ.

ಬೆಳಿಗ್ಗೆ ಹತ್ತಕ್ಕೆ ಅಂಗಡಿಯವ ಮತ್ತೆ ವರ್ಷದ ಲೆಕ್ಕ ಒಪ್ಪಿಸಿದ. ಇಪ್ಪತ್ತೆಂಟು ದಿನದ್ದು ಹಾಕು ಎಂದೆ. ಸಂಜೆ ಆರೂವರೆಗೆ ತಂಗಿ ಗಂಡನ ಕಡೆ ಹುಬ್ಬು ಹಾರಿಸಿದಳು. ಎಷ್ಟರದ್ದು ಎಂದು ಅವನು ಕೇಳಿದ. ಹೇಳಿದೆ. ಅವನು ಬೇರೆ ಕಡೆ ಮುಖ ತಿರುಗಿಸಿದ. ಅವಳು ಸರಿ ಎಂದು ತಲೆ ಆಡಿಸಿ, ಅಂದಿನ ಮಾತು ಶುರುಮಾಡಿದಳು.