ಸ್ಪೀಕರಿನಿಂದ ರೇಡಿಯೋ ಓಡಿಸುವ ರಾಧಾಮಣಿ

ಬೆಳಕು ಇನ್ನೂ ತೆಂಗಿನ ಗರಿಗಳ ಮೇಲೆಯೇ ಇದೆ, ನೆಲಕ್ಕೆ ಇಳಿದಿಲ್ಲ. ತಿಪಟೂರಿನ ಹತ್ತಿರದ ಬಿಳಿಗೆರೆಯಲ್ಲಿ, ಪರಮೇಶ್ ಅವರ ಮನೆಯ ನಡುಮನೆಯಲ್ಲಿ, ಕಂಪ್ಯೂಟರ್ ಮೇಜಿನ ಕೆಳಗೆ ಹೆಂಗಸೊಬ್ಬರು ಅಂಗಾತ ಮಲಗಿದ್ದಾರೆ. ಸೆರಗು ಸೊಂಟಕ್ಕೆ ಬಿಗಿದಿದೆ, ಕೈಯಲ್ಲಿ ಟಾರ್ಚು, ಬಾಯಲ್ಲಿ ಸ್ಕ್ರೂಡ್ರೈವರು. ಮೇಜಿನ ಮೇಲಿನ ಪುಟ್ಟ ಸ್ಪೀಕರುಗಳಲ್ಲಿ ಇಬ್ಬರು ಒಟ್ಟಿಗೇ ಮಾತಾಡುತ್ತಿದ್ದಾರೆ. ಒಬ್ಬಳು ಕಂಪ್ಯೂಟರಿನೊಳಗಿನ ಹೆಣ್ಣು. ಪರದೆಯ ಮೇಲಿರುವುದನ್ನೆಲ್ಲ ಓದಿ ಹೇಳುವುದು ಅವಳ ಕೆಲಸ. ಇನ್ನೊಬ್ಬ ಯಾವುದೋ ರೇಡಿಯೋ ಕೇಂದ್ರದ ಗಂಡಸು. ಅವನನ್ನು ಈ ಮನೆಯಲ್ಲಿ ಯಾರೂ ಕರೆದಿಲ್ಲ.

"ಹೊಸ ಕಡತ ತೆರೆಯಲು..." ಎನ್ನುತ್ತಾಳೆ ಅವಳು.

"...ಬೇವಿನ ಹಿಂಡಿಯನ್ನು ಬುಡಕ್ಕೆ ಹಾಕಬೇಕು" ಎನ್ನುತ್ತಾನೆ ಅವನು.

ಮೇಜಿನ ಕೆಳಗಿನಿಂದ ಗಟ್ಟಿ ನಗು ಬರುತ್ತದೆ. "ಕೇಳುಸ್ಕಂಡ್ಯಾ ಮಗಾ? ಎಷ್ಟು ಚೆನ್ನಾಗಿ ಜೋಡಿ ಆಗವ್ರೆ! ಇವತ್ತು ಇವ್ರಿಬ್ರುನ್ನೂ ಬೇರೆ ಮಾಡ್ದಲೆ ನಾನು ಈ ಮನೆ ಬಿಟ್ಟು ಹೋಗಾಕಿಲ್ಲ."

ನಗುತ್ತಿರುವವರು ರಾಧಾಮಣಿ. 'ಮಗಾ' ಎಂದು ಕರೆಸಿಕೊಂಡವಳು ಪರಮೇಶ್ ಅವರ ಮಗಳು ಇಂಪನಾ. ಹುಟ್ಟಿನಿಂದ ಕಣ್ಣು ಕಾಣದ ಇಂಪನಾಗೆ ಕಂಪ್ಯೂಟರಿನ ಆ ದನಿಯೇ ಕಣ್ಣು. ಈ ದಿನ ಹತ್ತು ಗಂಟೆಗೆ ಅವಳಿಗೊಂದು ಪರೀಕ್ಷೆ ಇದೆ. ಕೇಳಿದ್ದನ್ನು ಕೇಳಿದ ಹಾಗೇ ಟೈಪ್ ಮಾಡಿ ಪುಸ್ತಕ ಸಿದ್ಧಪಡಿಸುವ ಕೆಲಸಕ್ಕೆ, ಮನೆಯಲ್ಲೇ ಕೂತು ಕೊಡುವ ಪರೀಕ್ಷೆ. ಗೆದ್ದರೆ ಅವಳ ಬದುಕಿನ ಮೊದಲ ನೌಕರಿ. ಇಯರ್‌ಫೋನ್ ಹಾಕಿಕೊಂಡರೆ ಮುಗಿಯಿತಲ್ಲ ಎನ್ನಬಹುದು. ಆದರೆ ಒಳಗೊಳಗೇ ಯಾರಾದರೂ ಉತ್ತರ ಹೇಳಿಕೊಟ್ಟಾರೆಂದು ಪರೀಕ್ಷೆಯವರು ಅದನ್ನು ಬೇಡವೆಂದಿದ್ದಾರೆ. ಸ್ಪೀಕರಿನಲ್ಲೇ ಕೇಳಬೇಕು, ಆ ಸ್ಪೀಕರಿನಲ್ಲಿ ಹೋದ ತಿಂಗಳ ಹಬ್ಬ ಮುಗಿದಾಗಿನಿಂದ ಬೇವಿನ ಹಿಂಡಿಯವನು ಠಿಕಾಣಿ ಹೂಡಿದ್ದಾನೆ. ಪರಮೇಶ್ ಪೇಟೆಗೆ ಹೋಗಿ ಹೊಸ ಸ್ಪೀಕರನ್ನೂ ತಂದು, ಇದ್ದ ವೈರುಗಳನ್ನೆಲ್ಲ ಅದಕ್ಕೇ ಸಿಕ್ಕಿಸಿ ನೋಡಿದರು. ಅದರಲ್ಲಿ ಅವನ ದನಿ ಇನ್ನೂ ಸ್ಪಷ್ಟವಾಗಿ ಬಂತು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾರ ಸ್ಪೀಕರಿನಲ್ಲಾದರೂ ಕರೆಯದ ಸದ್ದು ಬಂದರೆ ಜನ ಮೊದಲು ಸ್ಪೀಕರನ್ನು ಬೈಯುತ್ತಾರೆ, ಆಮೇಲೆ ಕರೆಂಟಿನವರನ್ನು ಬೈಯುತ್ತಾರೆ, ಎಲ್ಲ ಮುಗಿದ ಮೇಲೆ ರಾಧಾಮಣಿಯನ್ನು ನೆನೆಯುತ್ತಾರೆ. ಅವರ ಹೆಸರು ಯಾವ ಬೋರ್ಡಿನ ಮೇಲೂ ಇಲ್ಲ. ತಿಪಟೂರಿನ ಓಣಿಯೊಂದರಲ್ಲಿ ಅವರ ಗಂಡ ಹನುಮಂತರಾಜು ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ ಇಟ್ಟಿದ್ದಾರೆ. ಬೋರ್ಡು ಗಂಡನದು, ಹಿಂಬದಿಯ ಬೆಂಚು ಹೆಂಡತಿಯದು. ಮದುವೆಯಾಗಿ ಬಂದಾಗ ತಂತಿ ಸುತ್ತಲು ಕೂತವರು ಕ್ರಮೇಣ ಯಾರಿಗೂ ಬೇಡವಾದ ಈ ಕೆಲಸಕ್ಕೆ ಕೈಹಾಕಿದರು. ಕೆಟ್ಟ ಸ್ಪೀಕರು ರಿಪೇರಿ ಮಾಡುವವರು ಬೇಕಾದಷ್ಟಿದ್ದಾರೆ. ಕೆಡದ ಸ್ಪೀಕರಿನೊಳಗೆ ಹೊರಗಿನವರು ಬಂದು ಕೂತರೆ ಎಬ್ಬಿಸುವವರು ಇವರೊಬ್ಬರೇ.

ಇದರ ಕಷ್ಟ ಇವರಿಗೇ ಗೊತ್ತು. ಎಷ್ಟೋ ಮನೆಯಲ್ಲಿ ಸ್ಪೀಕರಿನ ಪಕ್ಕ ಇಟ್ಟ ಮೊಬೈಲನ್ನು ಎತ್ತಿ ಆಚೆ ಇಟ್ಟರೆ ಸಾಕು, ಸದ್ದು ಮಾಯ. ಅಷ್ಟಕ್ಕೆ ಯಾರು ಏನು ಕೊಟ್ಟಾರು? "ಬಿಸ್ಲಲ್ಲಿ ಬಸ್ಸಲ್ಲಿ ನಿಂತ್ಕಂಡು ಹುಳಿಯಾರ್ ಗಂಟ ಹೋದೆ. ಫೋನ್ ಎತ್ತಿಟ್ಟೆ, ಸರಿ ಹೋಯ್ತು. ಇಷ್ಟೇನಾ ಅಂತ ಒಂಥರಾ ಮಕ ಮಾಡುದ್ರು ಕಣ್ರೀ. ಹೊತ್ತು ತಗಂಡು ಸರಿ ಮಾಡಿದ್ರೆ ಊಟ ಹಾಕೋರೇನೋ!" ಎಂದು ಅವರೇ ನಗುತ್ತಾರೆ. ನಗು ಬಾಯಿಗೆ ಬಂದರೂ ಆ ದಿನದ ಬೇಜಾರು ದನಿಯಲ್ಲಿ ಇನ್ನೂ ಉಳಿದಿದೆ.

ಅವರ ನಿಜವಾದ ಉಪಕರಣ ಕಿವಿ. ಅದು ತಯಾರಾದದ್ದು ಸಂಪಿಗೆ ಎಂಬ ಊರಿನ ತವರುಮನೆಯ ಅಟ್ಟದ ಮೇಲೆ. ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವ ಕೆಲಸವನ್ನು ಅವರಪ್ಪ ಈ ಮಗಳಿಗೇ ಒಪ್ಪಿಸುತ್ತಿದ್ದರು. ಈಗ ಅದೇ ಕಿವಿ ಸ್ಪೀಕರಿನ ಮುಂದೆ ಕೂರುತ್ತದೆ. "ಟರ್ ಟರ್ ಟರ್ರ್ ಅಂದ್ರೆ ಮೊಬೈಲು. ಚಟ್ ಅಂತ ಒಂದೇ ಸಲ ಅಂದು ಸುಮ್ಕಾದ್ರೆ ತೋಟದ ಮೋಟ್ರು ಸ್ಟಾರ್ಟರು. ಗುಂಯ್ ಅಂದ್ರೆ ಅರ್ತಿಂಗು ಕೆಟ್ಟದೆ ಅಂತ. ಮನುಷ್ಯರು ಮಾತಾಡಿದ್ರೆ ಮಾತ್ರ ಎಲ್ಲೋ ಒಂದು ವೈರು ಏರಿಯಲ್ ಆಗಿ ಕುಂತದೆ ಅಂತ ಲೆಕ್ಕ. ಬೆಳಗ್ಗೆ ಊರು ಸುಮ್ಕಿರ್ತದೆ. ಯಾರು ಎಲ್ಲಿಂದ ಕೂಗ್ತಾವ್ರೆ ಅನ್ನದು ಆಗ್ಲೇ ಗೊತ್ತಾಗದು." ನಸುಕಿನಲ್ಲೇ ಬಿಳಿಗೆರೆಗೆ ಬಂದಿಳಿದದ್ದು ಅದಕ್ಕೇ.

ಬೇಟೆ ಶುರುವಾಗುತ್ತದೆ. ಸ್ಪೀಕರಿನ ಹಿಂದಿನಿಂದ ಹೊರಟ ತೆಳು ವೈರೊಂದು ಗೋಡೆ ಹತ್ತಿ ತೊಲೆಯ ಸಂದಿಯಲ್ಲಿ ಮರೆಯಾಗಿರುವುದು ರಾಧಾಮಣಿಯ ಕಣ್ಣಿಗೆ ಬೀಳುತ್ತದೆ. ಏಣಿ ಹಾಕಿ ಹತ್ತಿ ನೋಡಿದರೆ, ಅಟ್ಟದ ಉದ್ದಕ್ಕೂ ಕಾಯಿರಾಶಿಯ ಮೇಲೆ ಹಾದುಹೋದ ವೈರಿನ ತುದಿಯಲ್ಲಿ ಏನೂ ಇಲ್ಲ!

"ಪರಮೇಶಣ್ಣಾ, ಇದೇನಿದು?"

ಪರಮೇಶ್ ತಲೆ ಕೆರೆದುಕೊಳ್ಳುತ್ತಾರೆ. "ಕಾಯಿ ಹೊರಳಿಸ್ವಾಗ ಹಾಡು ಕೇಳಾನ ಅಂತ ಮ್ಯಾಕೊಂದು ಸ್ಪೀಕರ್ ಎಳ್ಕಂಡಿದ್ದೆ ಕಣಕ್ಕ. ಇಲಿ ಕಡೀತು. ಸ್ಪೀಕರ್ ಬಿಸಾಕ್ದೆ, ವೈರು ಹಂಗೇ ಉಳ್ಕಂತು."

"ಏರಿಯಲ್ ಕಟ್ಟಿ ಕರ್ದಿದ್ದೀಯ, ಅವನು ಬಂದವ್ನೆ. ಅವನದೇನು ತಪ್ಪು?" ಎಂದು ರಾಧಾಮಣಿ ವೈರನ್ನು ಬುಡದಲ್ಲೇ ಕಿತ್ತೆಳೆಯುತ್ತಾರೆ. ಆಮೇಲೆ ಚೀಲದಿಂದ ಒಂದು ಕಪ್ಪು ಉಂಗುರ ತೆಗೆಯುತ್ತಾರೆ. ಗುಜರಿಗೆ ಹೋದ ಕಂಪ್ಯೂಟರ್ ವೈರುಗಳಲ್ಲಿ ಉಬ್ಬಿಕೊಂಡಿರುತ್ತದಲ್ಲ, ಅದೇ. ಸ್ಪೀಕರಿನ ವೈರನ್ನು ಅದರೊಳಗೆ ಸುತ್ತಿ ಸುತ್ತಿ ಪೋಣಿಸಿದರೆ ರೇಡಿಯೋ ಅಲೆ ಅಲ್ಲೇ ಸೊರಗುತ್ತದೆ. ಜನ ಇದನ್ನು ರಾಧಕ್ಕನ ತಾಯತ ಎನ್ನುತ್ತಾರೆ.

ತಾಯತ ಕಟ್ಟಿದ್ದಾಯಿತು. ದನಿ ಇಳಿಯಿತು. ಆದರೆ ಹೋಗಲಿಲ್ಲ! ಗುಂಯ್ ಎನ್ನುವ ಸದ್ದಿನ ಹಿಂದೆ ಅವನು ಇನ್ನೂ ಗೊಣಗುತ್ತಲೇ ಇದ್ದಾನೆ. ಗಡಿಯಾರ ಒಂಬತ್ತು ದಾಟಿದೆ. ಇಂಪನಾ ಕೈಬೆರಳು ಹಿಸುಕಿಕೊಳ್ಳುತ್ತಾಳೆ. "ಇಷ್ಟೇ ಇದ್ರೂ ಸಾಕು ಬಿಡಿ ಅಕ್ಕ, ಹೆಂಗೋ ಮಾಡ್ತೀನಿ" ಎನ್ನುತ್ತಾಳೆ. ಯಾವುದು ಬರೆಯಬೇಕಾದ ಮಾತು, ಯಾವುದು ಕಾಡುವ ಮಾತು ಎಂದು ಬೇರ್ಪಡಿಸುತ್ತ ಕೂತರೆ ಟೈಪ್ ಮಾಡುವುದು ಯಾವಾಗ?

"ಸಾಕು ಅನ್ಬೇಡ ಮಗಾ. ಹಬ್ಬದ ಮುಂಚೆ ಈ ಗುಂಯ್ ಇತ್ತಾ?"

"ಇರ್ಲಿಲ್ಲ."

"ಹಬ್ಬ ಆದ್ಮೇಲೆ ಈ ಮನೇಲಿ ಏನು ಬದಲಾಯ್ತು?"

ಗೋಡೆಯ ಅರ್ತಿಂಗ್ ವೈರಿನ ಜಾಡು ಹಿಡಿದು ರಾಧಾಮಣಿ ಹಿತ್ತಲಿಗೆ ಹೋಗಿ ನಿಲ್ಲುತ್ತಾರೆ. ಬಚ್ಚಲ ಹಿಂದಿನ ತೆಂಗಿನ ಮರದ ಕೆಳಗಿನ ಗರಿಗಳು ಜೋತುಬಿದ್ದಿವೆ. ಪಕ್ಕದ ತೋಟದ ಮರಗಳೆಲ್ಲ ಗೆಲುವಾಗಿರುವಾಗ ಇದೊಂದಕ್ಕೇನು ಬಂತು? ಪಾತಿಯ ಮಣ್ಣು ಬಿರುಕು ಬಿಟ್ಟಿದೆ. ಆ ಪಾತಿಯ ನಡುವೆ ಅಂಗೈ ಎತ್ತರದ ಕಬ್ಬಿಣದ ಕಡ್ಡಿ. ಮನೆಗೆ ವೈರಿಂಗ್ ಮಾಡಿಸುವಾಗ ಅರ್ತಿಂಗ್ ಕಡ್ಡಿಯನ್ನು ತೆಂಗಿನ ಪಾತಿಯಲ್ಲಿ ಹೂತಿದ್ದಾರೆ. ಬಚ್ಚಲ ನೀರು ಬಿದ್ದು ಸದಾ ತೇವವಿರುತ್ತದೆ ಎಂಬ ಜಾಣತನ.

"ಬಚ್ಚಲ ನೀರು ಎಲ್ಗೋಯ್ತು?"

ಪರಮೇಶ್ ಅವರ ತಾಯಿ ವಿಮಲಮ್ಮ ಬಾಗಿಲಿಗೆ ಬರುತ್ತಾರೆ. "ನಾನೇ ಕಣವ್ವ, ಹಬ್ಬದಲ್ಲಿ ಹೊಸ ಬಾಳೆಗುಂಡಿಗೆ ತಿರುಗಿಸ್ದೆ. ಮರಕ್ಕೆ ಏನು, ಬೇರು ಆಳಕ್ಕೋಗೈತೆ ಅಂತ."

ರಾಧಾಮಣಿ ಚಪ್ಪಾಳೆ ತಟ್ಟಿ ಕುಣಿಯುವುದೊಂದು ಬಾಕಿ. "ನೆಲ ಒಣಗಿ ಅರ್ತಿಂಗು ಸತ್ತದೆ! ಮರ ಕುಡಿದ್ರೆ ಕಂಪ್ಯೂಟ್ರೂ ಕುಡೀತಿತ್ತು! ಬಿಂದಿಗೆ ತನ್ನಿ, ಬೇಗ ತನ್ನಿ!"

ಆಮೇಲಿನದು ಯಾವ ಕ್ರಿಕೆಟ್ ಪಂದ್ಯಕ್ಕೂ ಕಡಿಮೆಯಿಲ್ಲ. ಪರಮೇಶ್ ತೊಟ್ಟಿಯಿಂದ ಮೊಗೆಯುತ್ತಾರೆ, ವಿಮಲಮ್ಮ ಸೀರೆ ಎತ್ತಿಕಟ್ಟಿ ಹೊರುತ್ತಾರೆ, ರಾಧಾಮಣಿ ಕಡ್ಡಿಯ ಸುತ್ತ ಉಪ್ಪು ಚೆಲ್ಲಿ ನೀರು ಹೊಯ್ಯುತ್ತಾರೆ. ಬಾಯಾರಿದ ಮಣ್ಣು ಸೊರ್ರೆಂದು ಹೀರುತ್ತದೆ. ಕಿಟಕಿಯೊಳಗಿನಿಂದ ಇಂಪನಾ ಕೂಗಿ ಹೇಳುತ್ತಾಳೆ.

"ಇನ್ನೂ ಮಾತಾಡ್ತಾವ್ನೆ!"

ಮತ್ತೆರಡು ಬಿಂದಿಗೆ.

"ಗುಂಯ್ ಕಮ್ಮಿ ಆಯ್ತು! ಈಗ ಪಿಸುಗುಡ್ತಾವ್ನೆ!"

"ಮೊಗಿಯಣ್ಣ, ನಿಲ್ಸಬೇಡ!"

ಇನ್ನೊಂದು ಬಿಂದಿಗೆ. ಮೂವರೂ ಕೈಯಲ್ಲಿದ್ದುದನ್ನು ಹಾಗೇ ಹಿಡಿದು ನಿಂತಿದ್ದಾರೆ.

"ಹೋದ ಕಣಕ್ಕಾ! ಹೋದ!"

ಪರೀಕ್ಷೆ ಶುರುವಾಗುತ್ತದೆ. ಎಲ್ಲರ ಮೊಬೈಲುಗಳೂ ವಿಮಲಮ್ಮನ ಹಳೆ ಸೀರೆಯೊಂದರಲ್ಲಿ ಗಂಟುಬಿದ್ದು ತೋಟದ ಆ ತುದಿಗೆ ಹೋಗಿವೆ. ರಾಧಾಮಣಿ ಜಗಲಿಯಲ್ಲಿ ಕೂತು ಒಂದು ಲೋಟ ಕಾಫಿಯನ್ನು ಆರಿಸುತ್ತಿದ್ದಾರೆಯೇ ಹೊರತು ಕುಡಿಯುತ್ತಿಲ್ಲ. ಕಿವಿ ಕಿಟಕಿಯ ಕಡೆಗಿದೆ. ಕೀಲಿಮಣೆಯ ಮೇಲೆ ಇಂಪನಾಳ ಬೆರಳುಗಳು ನಿಲ್ಲದೆ ಓಡುತ್ತಿವೆ.

ಕೀಲಿಗಳ ಸದ್ದು ನಿಲ್ಲುತ್ತದೆ. ಸ್ವಲ್ಪ ಹೊತ್ತಿಗೆ ಕಂಪ್ಯೂಟರಿನ ಹೆಣ್ಣು ತನ್ನ ಎಂದಿನ ತಣ್ಣನೆಯ ದನಿಯಲ್ಲಿ, ಮನೆಗೆಲ್ಲ ಕೇಳುವಂತೆ ಓದುತ್ತಾಳೆ: "ಅಭಿನಂದನೆಗಳು. ನೀವು ಆಯ್ಕೆಯಾಗಿದ್ದೀರಿ." ಅವಳ ಮಾತಿನ ಹಿಂದೆ ಮುಂದೆ ಬೇರೆ ಒಂದು ಉಸಿರೂ ಇಲ್ಲ. ವಿಮಲಮ್ಮ ಅಂಗೈಯಲ್ಲೇ ಕಣ್ಣು ಒರೆಸಿಕೊಳ್ಳುತ್ತಾರೆ, ಪರಮೇಶ್ ಮಗಳನ್ನು ಎತ್ತಿಯೇಬಿಡುತ್ತಾರೆ.

ಹೊರಡುವ ಹೊತ್ತಿಗೆ ರಾಧಾಮಣಿಯ ಚೀಲದಲ್ಲಿ ಕಪ್ಪು ಉಂಗುರಗಳ ಪಕ್ಕ ಉಂಡೆ ಕೊಬ್ಬರಿಗಳೂ ಕೂತಿವೆ. ನಿಮಗೇನು ಆಸೆ ಎಂದು ಕೇಳಿದರೆ ಚಪ್ಪಲಿ ಮೆಟ್ಟುತ್ತಲೇ ಹೇಳುತ್ತಾರೆ: "ಹೋದ ಮನೆಯವ್ರೆಲ್ಲ ನನ್ನ ಮರೆತುಬುಡಬೇಕು ಕಣ್ರೀ, ಅಷ್ಟೇಯ. ನಾನು ಗ್ಯಾಪಕಕ್ಕೆ ಬಂದೆ ಅಂದ್ರೆ ಸದ್ದು ತಿರ್ಗ ಬಂತು ಅಂತ ತಾನೇ?"

"ಅದಾಗಾಕಿಲ್ಲ ಅಕ್ಕ" ಎನ್ನುತ್ತಾಳೆ ಬಾಗಿಲಲ್ಲಿ ನಿಂತ ಇಂಪನಾ. "ನಾಳೆಯಿಂದ ಆ ಮರಕ್ಕೆ ನೀರು ಹಾಕೋಳು ನಾನೇ."