ಎರಡನೆಯ ಪಂಪಿನ ಅಳತೆ

ಗಿರೀಶನ ಅಕ್ವೇರಿಯಮ್ಮಿನ ಹವಳಗಳನ್ನು ಕೊಂದವನು ನಾನು. ಅವನ ಅಕ್ಕ ಸುಮಿತ್ರಕ್ಕ ಅಲ್ಲ. ಈ ಎರಡು ಮಾತು ಹೇಳಲು ನನಗೆ ಆರು ವರ್ಷ ಬೇಕಾಯಿತು.

ಗಿರೀಶ ನನ್ನ ಬಾಲ್ಯದ ಗೆಳೆಯ, ಸಿಂದಗಿಯಲ್ಲಿ ಮಕ್ಕಳ ಡಾಕ್ಟರ್. ನಾನು ಬಸವನ ಬಾಗೇವಾಡಿಯಲ್ಲಿ ವಿಜ್ಞಾನದ ಮಾಸ್ತರ. ಅವನ ದವಾಖಾನೆಯ ಹೊರಕೋಣೆಯಲ್ಲಿ ದೊಡ್ಡದೊಂದು ಗಾಜಿನ ತೊಟ್ಟಿ ಇತ್ತು — ಒಳಗೆ ಉಪ್ಪುನೀರು, ಜೀವಂತ ಹವಳ, ಎರಡು ಕಿತ್ತಳೆ ಬಣ್ಣದ ಮೀನು. ಸೂಜಿಗೆ ಹೆದರಿ ಅಳುವ ಮಕ್ಕಳು ಅದರ ಮುಂದೆ ಸುಮ್ಮನಾಗುತ್ತಿದ್ದವು. ತೊಟ್ಟಿಯನ್ನು ನೋಡಿಕೊಳ್ಳುತ್ತಿದ್ದವರು ಸುಮಿತ್ರಕ್ಕ. ಔಷಧ ಅಳೆದು ಕೊಡುವ ಕೆಲಸವೂ ಅವರದೇ. ಪ್ರತಿ ರವಿವಾರ ಬಕೆಟ್ಟಿನಲ್ಲಿ ಹಳೆಯ ನೀರು ತೆಗೆದು, ಉಪ್ಪು ಕಲಸಿದ ಹೊಸ ನೀರು ಹಾಕುತ್ತಿದ್ದರು. ಸೊಂಟ ನೋಯುತ್ತದೆ ಎಂದು ಒಮ್ಮೆ ಅಂದರು. ನೀರು ತಾನಾಗಿಯೇ ಬದಲಾಗುವಂತೆ ಮಾಡಿಕೊಡುತ್ತೇನೆ ಎಂದು ನಾನು ಮುಂದೆ ಬಂದೆ.

ಎರಡು ಪುಟ್ಟ ಪಂಪು. ಒಂದು ದಿನಾಲು ಸ್ವಲ್ಪ ಹಳೆಯ ನೀರನ್ನು ಹೊರಗೆಳೆಯಬೇಕು. ಇನ್ನೊಂದು ಅಷ್ಟೇ ಉಪ್ಪುನೀರನ್ನು ಡ್ರಮ್ಮಿನಿಂದ ಒಳಗೆ ಬಿಡಬೇಕು. ಆವಿಯಾದ ನೀರನ್ನು ತುಂಬಲು, ತೊಟ್ಟಿಯ ಮಟ್ಟ ಇಳಿದಾಗ ತಾನೇ ತೆರೆದುಕೊಳ್ಳುವ ಸಿಹಿನೀರಿನ ನಳ ಮೊದಲೇ ಇತ್ತು. ಮೊದಲ ಪಂಪನ್ನು ಅಳತೆಯ ಪಾತ್ರೆ ಹಿಡಿದು ಪರೀಕ್ಷಿಸಿದೆ. ಎರಡನೆಯದೂ ಅಂಥದೇ, ಅಷ್ಟೇ ಬಿಡುತ್ತದೆ ಅಂದುಕೊಂಡೆ — ಊಟಕ್ಕೆ ಕರೆದರು, ಎದ್ದುಬಿಟ್ಟೆ. ಇನ್ನು ಡ್ರಮ್ಮಿನ ಉಪ್ಪನ್ನಷ್ಟೇ ಅಳೆಯಿರಿ, ತೊಟ್ಟಿಯದನ್ನು ನೋಡಬೇಕಿಲ್ಲ ಎಂದು ಅಕ್ಕನಿಗೆ ಹೇಳಿದವನೂ ನಾನೇ.

ಮೂರು ವಾರದಲ್ಲಿ ಹವಳಗಳು ಬಿಳಿಚಿಕೊಂಡವು. ಆಮೇಲೆ ಒಂದೊಂದಾಗಿ ಸತ್ತವು. ತೊಟ್ಟಿಯಲ್ಲಿ ಉಪ್ಪು ತೀರ ಇಳಿದಿತ್ತು. ಉಪ್ಪು ಕಲಸುವವರು ಸುಮಿತ್ರಕ್ಕ. ಆ ವರ್ಷವೇ ಅವರಿಗೆ ಕಣ್ಣಿನ ಪೊರೆಯ ಆಪರೇಷನ್ ಆಗಿತ್ತು. ಗಿರೀಶ ನನ್ನೆದುರಿಗೇ ಕೇಳಿದ:

"ಅಕ್ಕಾ, ಅಳತಿ ಸರಿ ನೋಡಿದ್ದಿ ಇಲ್ಲೋ?"

"ನೋಡಿದ್ದೆ ಅನಸ್ತೈತಿ. ನನ್ನ ಕಣ್ಣೇ ತಪ್ಪಿರಬೇಕು, ಬಿಡು."

ಅವರು ಒಳಗೆ ಹೋದ ಮೇಲೆ ಎರಡನೆಯ ಪಂಪನ್ನು ಅಳೆದೆ. ಮೊದಲನೆಯದು ಎಳೆಯುವುದರ ಅರ್ಧದಷ್ಟೂ ಅದು ಬಿಡುತ್ತಿರಲಿಲ್ಲ. ಕೊರತೆಯನ್ನೆಲ್ಲ ಸಿಹಿನೀರು ತುಂಬಿತ್ತು — ದಿನಾ, ಸ್ವಲ್ಪ ಸ್ವಲ್ಪ. ಸರಿಮಾಡಿದೆ. ಯಾರಿಗೂ ಹೇಳದೆ. ಹೇಳಲು ಒಂದು ನಿಮಿಷ ಸಾಕಿತ್ತು, ಆದರೆ — ಇಲ್ಲ, ಆದರೆ ಎಂದು ಬರೆಯುವುದಿಲ್ಲ. ಹೇಳಲಿಲ್ಲ.

ಅಳತೆ ತಪ್ಪುವ ಕೈ ಮಕ್ಕಳ ಔಷಧಕ್ಕೆ ಬೇಡವೆಂದು ಸುಮಿತ್ರಕ್ಕ ದವಾಖಾನೆ ಬಿಟ್ಟು, ಇಂಡಿ ಊರಿನಲ್ಲಿದ್ದ ತಮ್ಮ ಸ್ವಂತ ಮನೆಗೆ ಹೋದರು. ಬೇಡವೆಂದವರು ಬೇರೆ ಯಾರೂ ಅಲ್ಲ, ಅವರೇ.

ಹೋದ ತಿಂಗಳು ಮಗಳ ಮದುವೆಯ ಕರೆಯೋಲೆ ಕೊಡಲು ಅವರ ಮನೆಗೆ ಹೋಗಿದ್ದೆ. ಚಹಾದ ಜೊತೆ ಸಕ್ಕರೆ ಡಬ್ಬಿಯನ್ನೂ ಮುಂದಿಟ್ಟರು.

"ನೀನೇ ಹಾಕ್ಕೋ ತಮ್ಮಾ. ನನ್ನ ಅಳತಿ ಸರಿ ಇರೂದಿಲ್ಲ."

ನಗುತ್ತಲೇ ಅಂದರು. ನನಗೆ ತಡೆಯಲಾಗಲಿಲ್ಲ, ಎಲ್ಲವನ್ನೂ ಹೇಳಿಬಿಟ್ಟೆ. ಅವರು ಸಕ್ಕರೆ ಡಬ್ಬಿಯ ಮುಚ್ಚಳ ಹಾಕಿದರು.

"ಅಂದ್ರ... ನನ್ನ ಕಣ್ಣು ಸರಿ ಇದ್ದವು?"

"ಸರಿ ಇದ್ದವ್ರಿ ಅಕ್ಕಾ. ತಪ್ಪಿದಾಂವ ನಾನು."

"ಆರು ವರ್ಷ ಗೊತ್ತಿದ್ದೂ ಸುಮ್ಮನ ಕುಂತಿ."

"ಹೌದ್ರಿ."

"ಗಿರೀಶಗ ಫೋನ್ ಹಚ್ಚು. ನನ್ನ ಮುಂದ ಹೇಳು."

ಹಚ್ಚಿದೆ, ಮೊದಲಿನಿಂದ ಮತ್ತೆ ಹೇಳಿದೆ. ಗಿರೀಶ "ಅಕ್ಕಗ ಕೊಡು" ಎಂದ. ಅವನು ಏನು ಹೇಳಿದನೋ ನನಗೆ ಕೇಳಿಸಲಿಲ್ಲ. ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, "ಅಳಬ್ಯಾಡೋ, ಹೊರಗ ಪೇಶಂಟ್ ಕುಂತಿರ್ತಾರ" ಎಂದರು.

ಮರಳುವ ಬಸ್ಸಿನಲ್ಲಿ ಎದೆ ಹಗುರಾಗಿತ್ತು. ಆ ನೆಮ್ಮದಿ ನನಗೆ ಸಲ್ಲುವಂಥದ್ದಲ್ಲ, ಗೊತ್ತು — ಆದರೂ ಬಂತು. ಕಳೆದ ಸೋಮವಾರದಿಂದ ಸುಮಿತ್ರಕ್ಕ ಮತ್ತೆ ಸಿಂದಗಿಯಲ್ಲಿ ಔಷಧ ಅಳೆದು ಕೊಡುತ್ತಿದ್ದಾರೆ. ಕ್ಷಮಿಸಿದೆ ಎಂದು ಅವರು ಹೇಳಿಲ್ಲ. ನಾನು ಕೇಳಿಯೂ ಇಲ್ಲ. ಅವರ ಕಣ್ಣೇ ತಪ್ಪಿತ್ತೆಂದು ನಂಬಿದವರ — ನರ್ಸು, ಕಂಪೌಂಡರ್, ನೆರೆಮನೆಯವರು — ಬಳಿಗೆ ಒಬ್ಬೊಬ್ಬರಾಗಿ ನಾನೇ ಹೋಗಿ ಹೇಳುತ್ತಿದ್ದೇನೆ. ಇನ್ನೂ ಇಬ್ಬರು ಉಳಿದಿದ್ದಾರೆ.